ಚಿಗವ್ವನ ವಿಕ್ಟೋರಿಯನ್ ವ್ಯಾಸಂಗ

ನಮ್ಮ ಚಿಗವ್ವ ಎರಡು ವರ್ಷ ಲಂಡನ್ನಿನಲ್ಲಿದ್ದಳು ಎಂದರೆ ನೀವು ನಂಬಲಿಕ್ಕಿಲ್ಲ. ಊಟಕ್ಕೆ ಮಾತ್ರ ದಿನಾ ಬ್ಯಾಡಗಿಯ ನಮ್ಮ ಮನೆಗೆ ಬರುತ್ತಿದ್ದಳು!

ಅವ್ವನ ತಂಗಿ ಆಕೆ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೇಲೆ, ಮನೆಯಲ್ಲೇ ಓದಿ ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಕಟ್ಟಿದಳು. ವಿಕ್ಟೋರಿಯನ್ ಸಾಹಿತ್ಯಕ್ಕೆ, ಅಂದರೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿಗೆ, ಬಂದಳೋ ಇಲ್ಲವೋ, ಆಕೆಗೆ ಹಟ ಹಿಡಿಯಿತು.

“ಬರೇ ಕತಿ ಓದಿದ್ರ ಏನ್ ಬಂತು? ಆ ಮಂದಿ ಏನ್ ಉಂಡ್ರು, ಏನ್ ಉಟ್ರು, ಹೆಂಗ ಅತ್ರು, ಗೊತ್ತಾಗಬೇಕಲ್ಲ?”

ಕಾರ್ಖಾನೆಗಳ ಕಾಲ ತಿಳಿಯಬೇಕೆಂದು ಒಮ್ಮೆ ನನ್ನನ್ನೂ ಎಳೆದುಕೊಂಡು ಕುಮಾರಪಟ್ಟಣಕ್ಕೆ ಹೋದಳು. ಕಾರ್ಖಾನೆಯ ಎದುರು ನಿಂತು ಚಿಮಣಿಯನ್ನೇ ದಿಟ್ಟಿಸುತ್ತ ವಹಿಯಲ್ಲಿ ಬರೆಯತೊಡಗಿದಳು. ಕಾವಲುಗಾರ ಬಂದ.

“ಯಾರನ್ನ ಕಾಣಬೇಕಿತ್ರಿ ಅಮ್ಮಾರ?”

“ಹತ್ತೊಂಬತ್ತನೇ ಶತಮಾನ ನೋಡಾಕ ಬಂದೇನಿ, ತಮ್ಮಾ.”

ಆತ ಯೋಚಿಸಿ ಕೇಳಿದ: “ಅವರು ಯಾವ ಶಿಫ್ಟಿಗೆ ಬರ್ತಾರ್ರಿ?”

ಒಂದು ಮಧ್ಯಾಹ್ನ ಅವ್ವ ಅಕ್ಕಿ ಆರಿಸುತ್ತಿದ್ದಳು. ಚಿಗವ್ವ ಎದುರಿಗೆ ಕೂತು, ಆ ಕಾಲದ ಇಂಗ್ಲೆಂಡಿನ ವಿಧವೆಯರ ವಿಷಯ ಓದಿ ಹೇಳುತ್ತಿದ್ದಳು. ಗಂಡ ಸತ್ತರೆ ಮೊದಲು ಪೂರಾ ಕಪ್ಪು ಬಟ್ಟೆ. ವರ್ಷಗಳು ಕಳೆದ ಮೇಲೆ ಬೂದು ಬಣ್ಣ. ಆಮೇಲೆ ತಿಳಿ ನೇರಳೆ. ಅದೂ ಮುಗಿದರೆ ಬೇಕಾದ ಬಣ್ಣ.

ಅವ್ವನ ಕೈ ನಿಂತಿತು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಆಕೆ ಬಿಳಿಯ ಮಾಸಲು ಸೀರೆ ಬಿಟ್ಟು ಬೇರೇನೂ ಉಟ್ಟಿರಲಿಲ್ಲ. ಮದುವೆ ಮನೆಗೆ ಹೋದರೂ ಹಿಂದಿನ ಸಾಲಿನಲ್ಲೇ ಕೂಡುತ್ತಿದ್ದಳು.

“ಅಂದ್ರ, ಅಲ್ಲಿ ಅದು ಮುಗೀತಿತ್ತೇನ?” ಎಂದಳು.

ಚಿಗವ್ವ ಪುಸ್ತಕ ಮುಚ್ಚಿಟ್ಟಳು.

ಮರುದಿನ ಹಾವೇರಿಗೆ ಹೋಗಿ ತಿಳಿ ನೇರಳೆ ಸೀರೆಯೊಂದನ್ನು ತಂದು ಅಕ್ಕನ ಮುಂದಿಟ್ಟಳು.

“ಹುಚ್ಚಿ! ಮಂದಿ ಏನ್ ಅಂದಾರು?”

“ತಂಗಿ ಪರೀಕ್ಷಾಕ್ಕ ಬೇಕಾಗಿತ್ತು ಅನ್ನು!”

ಅವ್ವ ನಗಲಿಲ್ಲ. ಸೀರೆಯನ್ನು ಟ್ರಂಕಿನ ತಳಕ್ಕೆ ಸೇರಿಸಿದಳು. ಚಿಗವ್ವ ಮತ್ತೆ ಆ ಮಾತೆತ್ತಲಿಲ್ಲ. ಮೂರು ತಿಂಗಳು ಹಾಗೇ ಕಳೆದವು.

ಪರೀಕ್ಷೆ ರಾಣೆಬೆನ್ನೂರಿನಲ್ಲಿ. ಆ ಬೆಳಿಗ್ಗೆ ಬಸ್ ಹತ್ತಿಸಲು ಹೋಗಿದ್ದ ನಾನೂ ಚಿಗವ್ವನೂ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ಆಕೆ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. ತಿರುಗಿ ನೋಡಿದೆ. ಜನರ ನಡುವಿನಿಂದ ಅವ್ವ ತಲೆ ತಗ್ಗಿಸಿ, ಸೆರಗು ಬಿಗಿಯಾಗಿ ಹಿಡಿದು ಬರುತ್ತಿದ್ದಳು. ತಿಳಿ ನೇರಳೆ ಸೀರೆ.

“ನಾನೂ ಬರ್ತೇನಿ ನಿನ್ ಜೋಡಿ. ಒಬ್ಬಾಕಿ ಅಂಜತಿ,” ಎಂದಳು.

ಚಿಗವ್ವ ಅಷ್ಟು ಜನರ ಎದುರು ನೆಲಕ್ಕೆ ಮೊಣಕಾಲೂರಿ ಅಕ್ಕನ ನಿರಿಗೆಗಳನ್ನು ಒಂದೊಂದಾಗಿ ಸರಿಮಾಡತೊಡಗಿದಳು. ರಾಣೆಬೆನ್ನೂರಿನ ಬಸ್ಸು ಬಂದು ನಿಂತಿತು. ಹೊರಟೂ ಹೋಯಿತು. ಚಿಗವ್ವ ತಲೆ ಎತ್ತಲಿಲ್ಲ.