ಮೂರನೇ 'ಬೇಡ'

ನಮ್ಮ ಮನೆಯಲ್ಲಿ ಏನೂ ಎಡವಟ್ಟಾಗದೆ ಒಂದು ದಿನ ಕಳೆಯಿತು ಅಂದರೆ ಅವತ್ತು ಅಮ್ಮ ಊರಲ್ಲಿಲ್ಲ ಅಂತ ಅರ್ಥ. ಅಂಥ ಮನೆಗೆ ಹಾಲೆಂಡಿನಿಂದ ಒಬ್ಬ ಹುಡುಗಿಯನ್ನು ತಂದು ಮೂರು ತಿಂಗಳು ಇಟ್ಟರೆ ಕೇಳಬೇಕೇ?

ಇಟ್ಟಿದ್ದು ನಮ್ಮ ಕಾಲೇಜಿನವರು. ನಾನು ಚಿಕ್ಕಮಗಳೂರಲ್ಲಿ ಎಂ.ಎಸ್ಸಿ ಓದುತ್ತಿದ್ದೆ. ನಮ್ಮ ಕಾಲೇಜಿಗೂ ಆ ಹುಡುಗಿಯ ಕಾಲೇಜಿಗೂ ಕೊಟ್ಟು ತರುವ ಸಂಬಂಧದ ಥರ ಒಂದು ಒಪ್ಪಂದ. ಮೊದಲು ಅವಳು ಬಂದು ಮೂಡಿಗೆರೆಯ ನಮ್ಮ ಮನೆಯಲ್ಲಿದ್ದು, ದೇವರಮನೆ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ನೆರಳುಮರಗಳ ಮೇಲೆ ಇಂಟರ್ನ್‌ಶಿಪ್ ಮಾಡಬೇಕು. ಆಮೇಲೆ ನಾನು ಅವಳ ಊರಿಗೆ ಹೋಗಿ ಅಲ್ಲಿ ಅಷ್ಟೇ ದಿನ ಇರಬೇಕು. ಇದು ಮೊದಲನೇ ವರ್ಷ. ನಮ್ಮ ವಿಭಾಗದ ಮೇಡಂ ನನ್ನನ್ನು ಕರೆದು ಸ್ಪಷ್ಟವಾಗಿ ಹೇಳಿದ್ದರು: "ನೋಡಮ್ಮಾ, ಅವಳು ಆಗಲ್ಲ ಅಂತ ನಡುವೆ ಗಂಟುಮೂಟೆ ಕಟ್ಟಿದ್ರೆ ಇದು ಅಲ್ಲಿಗೇ ಮುಗೀತು. ನಿನ್ನ ಪಾಸ್‌ಪೋರ್ಟು ಬೀರುವಿನಲ್ಲೇ ಕೂತಿರುತ್ತೆ."

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಅವಳು ಕೆಮ್ಮಿದರೆ ನನಗೆ ಗಾಬರಿ. ಅವಳು ಫೋನಿನಲ್ಲಿ ಅವರಮ್ಮನ ಹತ್ತಿರ ಮಾತಾಡುತ್ತಿದ್ದರೆ ನಾನು ಬಾಗಿಲ ಹೊರಗೆ ಹೆರಿಗೆ ವಾರ್ಡಿನ ಗಂಡಸರ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ. ಡಚ್ ಭಾಷೆ ಬೇರೆ! ಬೈಯುತ್ತಿದ್ದಾಳೋ ಹೊಗಳುತ್ತಿದ್ದಾಳೋ ಆ ದೇವರಿಗೇ ಗೊತ್ತು.

ಕಡುಬು

ಬಂದ ದಿನ ಅಮ್ಮ ಕಡುಬು, ನಾಟಿಕೋಳಿ ಸಾರು ಮಾಡಿದ್ದಳು. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಅವತ್ತು ಮಿಷನ್ನಿಗೆ ರಜೆ ಕೊಟ್ಟು ಒಲೆ ಮುಂದೆಯೇ ನಿಂತಿದ್ದಳು. ಹುಡುಗಿ ಹಾಕಿದ್ದನ್ನೆಲ್ಲ ತಿಂದಳು.

"ಇನ್ನೆರಡು ಹಾಕ್ಲಾ ಮಗಾ?" ಅಂದಳು ಅಮ್ಮ.

"ಬೇಡ, ಥ್ಯಾಂಕ್ಯೂ." ಬೇಡ ಅನ್ನುವುದನ್ನು ವಿಮಾನದಲ್ಲೇ ಕಲಿತು ಬಂದಿದ್ದಳು, ಪಾಪ.

ಅಮ್ಮ ಎರಡು ಹಾಕಿದಳು.

ಎಡವಟ್ಟಾಗಿದ್ದು ಇಲ್ಲೇ. ಅವಳ ಮನೆಯಲ್ಲಿ ತಟ್ಟೆಯಲ್ಲಿ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನವಂತೆ. ನಮ್ಮ ಮನೆಯಲ್ಲಿ ತಟ್ಟೆ ಖಾಲಿಯಿದ್ದರೆ ಬಡಿಸುವವರಿಗೆ ಅವಮಾನ. ಅವಳು ಮರ್ಯಾದೆಗೆ ಖಾಲಿ ಮಾಡುತ್ತಾ ಹೋದಳು, ಅಮ್ಮ ಮರ್ಯಾದೆಗೆ ತುಂಬುತ್ತಾ ಹೋದಳು. ನಾನು ಹೊರಗೆ ಮೇಡಂಗೆ ಫೋನ್ ಮಾಡಿ "ಚೆನ್ನಾಗಿ ಊಟ ಮಾಡ್ತಿದ್ದಾಳೆ ಮೇಡಂ, ಏನೂ ತೊಂದ್ರೆ ಇಲ್ಲ" ಅಂತ ವರದಿ ಒಪ್ಪಿಸುತ್ತಿದ್ದೆ. ಒಳಗೆ ಬಂದು ನೋಡಿದರೆ ಹುಡುಗಿಯ ಮುಖ ಕೆಂಪಗಾಗಿ ಕಣ್ಣಲ್ಲಿ ನೀರು. ಅಮ್ಮ ಅಡುಗೆಮನೆಯಿಂದ, "ದಾರಿಯಲ್ಲಿ ಏನೂ ತಿಂದಿಲ್ಲ ಅನ್ಸುತ್ತೆ ಕಣೇ, ಇನ್ನೊಂದು ಒಬ್ಬೆ ಬೇಯಕ್ಕೆ ಇಡ್ತೀನಿ ತಾಳು" ಅನ್ನುತ್ತಿದ್ದಳು.

ಅವಳನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದೆ. "ನಾನು ಬೇಡ ಅಂದೆ. ನಿಮ್ಮಮ್ಮನಿಗೆ ಅರ್ಥ ಆಗಲಿಲ್ವಾ?" ಅಂದಳು.

"ಅರ್ಥ ಆಗಿದೆ ಮಾರಾಯ್ತಿ. ನಮ್ಮಲ್ಲಿ ಮೊದಲನೇ ಬೇಡ ಮರ್ಯಾದೆಗೆ, ಎರಡನೇ ಬೇಡ ನಾಚಿಕೆಗೆ. ಮೂರನೇದು ಮಾತ್ರ ಹೊಟ್ಟೆಯಿಂದ ಬಂದಿದ್ದು ಅಂತ ಲೆಕ್ಕ. ಅದನ್ನು ಹೇಳುವಾಗ ತಟ್ಟೆಗೆ ಎರಡೂ ಕೈ ಅಡ್ಡ ಇಡಬೇಕು. ಅಷ್ಟಾದ ಮೇಲೂ ಒಂದು ಸೌಟು ಬಿದ್ದೇ ಬೀಳುತ್ತೆ, ಅದು ಪ್ರೀತಿಗೆ."

ಬೆರಳು ಮಡಚಿ ಬಾಯಿಪಾಠ ಮಾಡಿಕೊಂಡಳು. ಮಾರನೇ ದಿನ ಬೆಳಿಗ್ಗೆ ಅಮ್ಮ "ಕಾಫಿ ಕೊಡ್ಲಾ ಮಗಾ?" ಅಂದಿದ್ದೇ ತಡ, ಲೋಟದ ಮೇಲೆ ಎರಡೂ ಕೈ ಇಟ್ಟು "ಬೇಡ, ಬೇಡ, ಬೇಡ" ಅಂದಳು. ಅಮ್ಮ ತೆಪ್ಪಗೆ ಪಾತ್ರೆ ಒಳಗಿಟ್ಟಳು. ಸ್ವಲ್ಪ ಹೊತ್ತಿಗೆ ಹುಡುಗಿ ನನ್ನ ಕೋಣೆಗೆ ಬಂದು ಅಳುಮುಖ ಮಾಡಿಕೊಂಡು ನಿಂತಳು: "ನನಗೆ ಕಾಫಿ ಬೇಕಿತ್ತು."

"ಮತ್ತೆ ಎರಡಕ್ಕೇ ನಿಲ್ಲಿಸ್ಬೇಕಿತ್ತು!" ಅಂದೆ.

ತಿಂಡಿ ಆಯ್ತಾ?

ಇದನ್ನು ಕಲಿಸುವ ಭರದಲ್ಲಿ ಇನ್ನೊಂದನ್ನು ಕಲಿಸುವುದು ಮರೆತೇಬಿಟ್ಟಿದ್ದೆ. ಎಸ್ಟೇಟಿಗೆ ಹೋದ ಮೊದಲ ದಿನ, ಅಲ್ಲಿಯ ಲೆಕ್ಕಪತ್ರ ನೋಡಿಕೊಳ್ಳುವ ರೈಟ್ರು ಎದುರಿಗೆ ಸಿಕ್ಕಿ, ಕೈಸನ್ನೆಯನ್ನೂ ಮಾಡಿ, "ಏನಮ್ಮಾ, ತಿಂಡಿ ಆಯ್ತಾ?" ಅಂತ ಕೇಳಿದರು. ನಾವಾದರೆ ತಿಂದಿರಲಿ ಬಿಡಲಿ "ಆಯ್ತು, ನಿಮ್ದು?" ಅಂತ ಮುಂದೆ ಹೋಗುತ್ತೇವೆ. ಅವತ್ತು ಅಮ್ಮನಿಗೆ ಮೂರು ಬೇಡ ಹೇಳಿ ಹೊರಟಿದ್ದ ಅವಳು ನಿಂತು, ಯೋಚಿಸಿ, ಸತ್ಯವಾಗಿ "ಒಂದು ಬಾಳೆಹಣ್ಣು ಮಾತ್ರ" ಅಂದಳು.

ರೈಟ್ರಿಗೆ ಎದೆ ಝಲ್ಲಂತಂತೆ. ಮನೆಗೆ ಬಂದ ವಿದೇಶದ ಹೆಣ್ಣುಮಗಳಿಗೆ ಒಂದು ಬಾಳೆಹಣ್ಣು! ಅಲ್ಲಿಂದಲೇ ಹೆಂಡತಿಯನ್ನು ಕೂಗಿ ಅಕ್ಕಿರೊಟ್ಟಿ ತಟ್ಟಿಸಿ, ಎದುರಿಗೆ ಕೂರಿಸಿಕೊಂಡು ತಿನ್ನಿಸಿದರು. ಸುದ್ದಿ ಕಾಫಿ ಒಣಗಿಸುವ ಕಣ ದಾಟಿ, ಆಳುಗಳ ಲೈನ್ ಮನೆಗಳನ್ನು ದಾಟಿ, ಅವಳಿಗಿಂತ ಮೊದಲೇ ಮೂಡಿಗೆರೆ ಮುಟ್ಟಿತು. ಸಂಜೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಹೂವಿನ ಅಂಗಡಿಯ ಹೆಂಗಸು ನನ್ನ ಕೈ ಹಿಡಿದು ನಿಲ್ಲಿಸಿ ಕೇಳಿದಳು: "ಅಲ್ಲ ಕಣೇ, ಆ ಹುಡ್ಗಿಗೆ ನಿಮ್ಮನೇಲಿ ಏನೂ ಕೊಡೋದಿಲ್ವಂತೆ?"

ಅಮ್ಮ ಆ ವಾರ ಪೂರ್ತಿ ಪೇಟೆ ರಸ್ತೆಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ನಡೆದಾಗಲೂ ಸಿಕ್ಕಸಿಕ್ಕವರಿಗೆಲ್ಲ, ಅವರು ಕೇಳದಿದ್ದರೂ, "ಇವತ್ತು ಎಂಟು ಕಡುಬು ತಿಂದಳು" ಅಂತ ಹೇಳಿಕೊಂಡೇ ನಡೆದಳು.

ಭೇಟಿಯ ವೇಳೆ

ಹುಡುಗಿಯನ್ನು ನೋಡಲು ಜನ ಬರುತ್ತಿದ್ದರು. ಬ್ಲೌಸಿನ ಅಳತೆ ಕೊಡುವ ನೆಪದಲ್ಲಿ ಬರುತ್ತಿದ್ದರು, ಕೊತ್ತಂಬರಿ ಸೊಪ್ಪು ಕೇಳುವ ನೆಪದಲ್ಲಿ ಬರುತ್ತಿದ್ದರು. ಒಬ್ಬರಂತೂ ಯಾವ ನೆಪವೂ ಇಲ್ಲದೆ ಸೀದಾ ಬಂದು ಅವಳ ಮಂಚದ ಮೇಲೆ ಕೂತು ಕೂದಲು ಮುಟ್ಟಿ ನೋಡಿ ಹೋದರು. ಅವಳ ಊರಲ್ಲಿ ಅಜ್ಜಿಮನೆಗೆ ಹೋಗುವುದಿದ್ದರೂ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕಂತೆ. ಒಂದು ದಿನ ತೋಟದಿಂದ ನೆನೆದು ಬಂದವಳು ಬಟ್ಟೆ ಬದಲಾಯಿಸಲೂ ಜಾಗವಿಲ್ಲದೆ ಬಚ್ಚಲಲ್ಲಿ ಕೂತು, "ನಾನು ಒಂದು ಗಂಟೆಯಾದರೂ ಒಬ್ಬಳೇ ಇರಬೇಕು, ಇಲ್ಲದಿದ್ದರೆ ನನಗಾಗಲ್ಲ" ಅಂದುಬಿಟ್ಟಳು.

ಆಗಲ್ಲ! ಮೇಡಂ ಹೇಳಿದ್ದ ಅದೇ ಮಾತು. ರಟ್ಟು ಹುಡುಕಿ ನಾನೇ ಬರೆದು ಗೇಟಿಗೆ ನೇತುಹಾಕಿದೆ: 'ಅತಿಥಿಯ ಭೇಟಿಗೆ ಸಂಜೆ ಐದರಿಂದ ಆರು.'

ಮಾರನೇ ದಿನ ನಾಲ್ಕೂವರೆಗೇ ಗೇಟಿನ ಮುಂದೆ ಛತ್ರಿಗಳು. ಐದಕ್ಕೆ ಇಡೀ ಬೀದಿ ಒಳಗೆ ಬಂತು. ಯಾವತ್ತೂ ನಮ್ಮ ಮನೆ ಹೊಸಿಲು ತುಳಿಯದವರೂ, ಅಮ್ಮನ ಹತ್ತಿರ ಮಾತು ಬಿಟ್ಟವರೂ, "ಬೋರ್ಡ್ ಹಾಕಿ ಕರೆದಿದ್ದೀರಲ್ಲ, ಬರದಿದ್ರೆ ಚೆನ್ನಾಗಿರಲ್ಲ" ಅಂತ ಬಂದರು. ಮುಂಚೆಯಾದರೆ ಇಬ್ಬರು ಮೂವರು ಬಂದು ಹೋಗುತ್ತಿದ್ದರು. ಈಗ ಅಷ್ಟೂ ಜನಕ್ಕೆ ಒಟ್ಟಿಗೇ ಕಾಫಿ. ಅಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಒಲೆಯೇ ಬೇಕಿರಲಿಲ್ಲ, ಹಾಲು ಹಾಗೇ ಉಕ್ಕುತ್ತಿತ್ತು.

ಆರು ಹೊಡೆಯಿತು. ಯಾರೂ ಏಳಲಿಲ್ಲ. ಹುಡುಗಿ ನಯವಾಗಿ ಎದ್ದು ಗೇಟಿನ ಬೋರ್ಡು ತಂದು ಎಲ್ಲರಿಗೂ ತೋರಿಸಿದಳು. ಪಕ್ಕದ ಮನೆಯ ಅಜ್ಜಿ ಕನ್ನಡಕ ಏರಿಸಿ ಓದಿ, ಮೆಚ್ಚಿ ತಲೆಯಾಡಿಸಿ, "ಹೌದು ಮಗಾ, ಆರಾಯ್ತು. ಇನ್ನು ಊಟ ಮಾಡ್ಕೊಂಡೇ ಹೋಗ್ತೀವಿ ಬಿಡು" ಅಂದರು.

ಇಂಬಳ

ಇನ್ನು ನನಗೆ ಅತಿ ಹೆದರಿಕೆಯಿದ್ದದ್ದು ಇಂಬಳದ್ದು. ಮಳೆಗಾಲದ ತೋಟ, ಕಾಲಿಟ್ಟಲ್ಲೆಲ್ಲ ರಕ್ತ ಹೀರುವ ಇಂಬಳ. ಒಂದು ಹತ್ತಿದರೆ ಸಾಕು, ಹುಡುಗಿ ಮಂಗಳೂರಿನ ವಿಮಾನ ಹತ್ತುತ್ತಾಳೆ ಅಂತ ಅವಳ ಸಾಕ್ಸಿಗೆ ದಿನಾ ನಾನೇ ಸೋಪು, ಹೊಗೆಸೊಪ್ಪಿನ ನೀರು ಬಳಿದು ಕಳಿಸುತ್ತಿದ್ದೆ.

ಅಷ್ಟರಲ್ಲಿ ನಮ್ಮ ಮೇಡಂ ಬರುತ್ತೇನೆ ಅಂತ ಫೋನ್ ಮಾಡಿದರು. ಅತಿಥಿ ಸುಖವಾಗಿದ್ದಾಳೋ ಇಲ್ಲವೋ ಕಣ್ಣಾರೆ ನೋಡಬೇಕಂತೆ. ಮೇಡಂ ದಾವಣಗೆರೆ ಕಡೆಯವರು. ಹೊಸ ಚಪ್ಪಲಿ, ಒಳ್ಳೆಯ ಕಾಟನ್ ಸೀರೆ. ತೋಟದೊಳಗೆ ಹತ್ತು ಹೆಜ್ಜೆ ಇಟ್ಟು, "ಇಲ್ಲಿ ನಿನಗೆ ಕಷ್ಟ ಏನಾದ್ರೂ ಇದೆಯಾ?" ಅಂತ ಇಂಗ್ಲಿಷಿನಲ್ಲಿ ಶುರುಮಾಡಿದವರು ಅಲ್ಲಿಗೇ ನಿಂತರು. ಕೆಳಗೆ ನೋಡಿಕೊಂಡರು. ಆಮೇಲೆ "ಅಯ್ಯಯ್ಯೋ ಯವ್ವಾ!" ಅಂತ ಕೂಗಿದ್ದಕ್ಕೆ ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಆಳುಗಳೆಲ್ಲ ಏಣಿ ಇಳಿದು ಓಡಿಬಂದರು.

ನಾನೂ ಅವರ ಜೊತೆಗೆ ಕೂಗಿಕೊಂಡೆ. ಹುಡುಗಿ ಮಾತ್ರ ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು, ಮೇಡಂ ಕಾಲಬುಡದಲ್ಲಿ ಕೂತು, ಒಂದೊಂದನ್ನೇ ಬೀಳಿಸಿದಳು. ಬೀಳಿಸಿ, ಎದ್ದು ಬೆನ್ನು ತಟ್ಟಿ, ನಮ್ಮಮ್ಮ ಹೇಳುವ ಹಾಗೇ, "ಏನೂ ಆಗಲ್ಲ ಮಗಾ, ಏನೂ ಆಗಲ್ಲ" ಅಂತ ಕನ್ನಡದಲ್ಲೇ ಸಮಾಧಾನ ಮಾಡಿದಳು.

ಮೇಡಂ ಜೀಪು ಹತ್ತಿ ಬಾಗಿಲು ಹಾಕಿಕೊಂಡ ಮೇಲೆಯೇ ಕಿಟಕಿಯಿಂದ ಮಾತಾಡಿದ್ದು: "ಇವಳು ಹೋಗ್ತಾಳೆ ಅಂತ ಹೆದರಬೇಡಮ್ಮಾ. ಈಗ ಹೋಗ್ತಿರೋದು ನಾನು."

ಕರೆ

ಮೂರು ತಿಂಗಳು ಮುಗಿಯುತ್ತಾ ಬಂತು. ಹುಡುಗಿ ಓಡಿಹೋಗಲಿಲ್ಲ. ಈಗ ನನ್ನ ಸರದಿ. ಅವಳ ಕಾಲೇಜಿನ ಪ್ರೊಫೆಸರ್ ವೀಡಿಯೋ ಕರೆಯಲ್ಲಿ ನನ್ನ ಹತ್ತಿರ ಮಾತಾಡಿ ಪಕ್ಕಾ ಮಾಡುತ್ತಾರೆ ಅಂತ ಗೊತ್ತಾಯಿತು. ಅವತ್ತು ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನೆಟ್‌ವರ್ಕ್ ಸಿಗುವುದು ಹೊಲಿಗೆ ಮಿಷನ್ನಿನ ಪಕ್ಕ ಮಾತ್ರ. ಅಲ್ಲೇ ಕೂತೆ. ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಅಮ್ಮ. ಹುಡುಗಿ ಇನ್ನೂ ತೋಟದಿಂದ ಬಂದಿರಲಿಲ್ಲ.

ಪ್ರೊಫೆಸರ್ ಬಿಳಿ ಗಡ್ಡದ ಸಾಧು ಮನುಷ್ಯ. "ನಿಮ್ಮ ಮನೆಯವರ ಬಗ್ಗೆ ಬಹಳ ಕೇಳಿದ್ದೇನೆ" ಅಂದರು. "ಇಲ್ಲಿ ನಿನಗೆ ಕೋಣೆ ಇದೆ, ಸೈಕಲ್ ಇದೆ, ಲ್ಯಾಬ್ ಇದೆ. ಬರಲು ಇಷ್ಟವಿದೆಯಾ?"

ಮೂರು ತಿಂಗಳು ಈ ಒಂದು ಮಾತಿಗೆ ಕಾದವಳು ನಾನು. ಇಂಗ್ಲಿಷಿನಲ್ಲೇ ಆದರೂ ಬಾಯಿಂದ ಬಂದಿದ್ದೇನು? "ಅಯ್ಯೋ ಬೇಡ ಸರ್, ಸುಮ್ನೆ ನಿಮಗ್ಯಾಕೆ ತೊಂದ್ರೆ!"

ಅಮ್ಮ ಪಕ್ಕದಿಂದ ಮೆಚ್ಚುಗೆಯಲ್ಲಿ ತಲೆಯಾಡಿಸಿದಳು. ನಾನು ನಾಚಿಕೊಂಡು ತಲೆ ತಗ್ಗಿಸಿ, ಅವರು ಇನ್ನೊಮ್ಮೆ ಕರೆಯಲಿ ಅಂತ ಕಾದೆ.

"ಹಾಗಾ? ಸರಿ. ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಬೇರೆ ವಿದ್ಯಾರ್ಥಿಯನ್ನು ಕೇಳುತ್ತೇವೆ" ಅಂದರು ಪ್ರೊಫೆಸರ್. ಪರದೆ ಕಪ್ಪಾಯಿತು.

"ಇದೇನೇ ಇದು, ಒಂದೇ ಸಲ ಕೇಳೋದಾ? ಎಂಥಾ ಜನ ಮಾರಾಯ್ತಿ!" ಅಂದಳು ಅಮ್ಮ. ನಾನು ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಹೋ ಅಂತ ಅತ್ತೆ. ಸುಳ್ಳು ಯಾಕೆ ಹೇಳಲಿ, ಅಷ್ಟು ನಾನು ಯಾವತ್ತೂ ಅತ್ತಿರಲಿಲ್ಲ. ಅವಳಿಗೆ ಪಾಠ ಮಾಡಿದವಳು ನಾನೇ ಅಲ್ಲವೇ!

ಆ ಹೊತ್ತಿಗೆ ಹುಡುಗಿ ಬಂದಳು. ಅಮ್ಮ ಅಭಿನಯ ಮಾಡಿ ನಡೆದದ್ದೆಲ್ಲ ಹೇಳಿದಳು. ಹುಡುಗಿ ಮೊದಲು ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಒದ್ದೆ ಬಟ್ಟೆಯಲ್ಲೇ ಪ್ರೊಫೆಸರಿಗೆ ಕರೆ ಮಾಡಿ, ಡಚ್ಚಿನಲ್ಲಿ ಬಹಳ ಹೊತ್ತು ಏನೇನೋ ವಿವರಿಸಿದಳು. ನಡುನಡುವೆ ಕ್ಯಾಮೆರಾಕ್ಕೆ ಮೂರು ಬೆರಳು ತೋರಿಸಿದಳು. ಇಲ್ಲದ ತಟ್ಟೆಗೆ ಎರಡು ಕೈ ಅಡ್ಡ ಇಟ್ಟಳು. ಆ ಪ್ರೊಫೆಸರ್ ಗಂಭೀರವಾಗಿ ತಲೆಯಾಡಿಸಿ, ಗಂಟಲು ಸರಿಮಾಡಿಕೊಂಡು ನನ್ನನ್ನು ಕೇಳಿದರು: "ನೀನು ಬರುತ್ತೀಯಾ?"

"ಯೆಸ್ ಸ..." ಅನ್ನುವಷ್ಟರಲ್ಲಿ ಹುಡುಗಿ ನನ್ನ ಬಾಯಿ ಮುಚ್ಚಿದಳು. "ಮರ್ಯಾದೆ!" ಅಂತ ಕಿವಿಯಲ್ಲಿ ಗದರಿದಳು. "ಹೌದು ಮತ್ತೆ, ಒಂದೇ ಸಲಕ್ಕೆ ಹೂಂ ಅನ್ಬಾರ್ದು" ಅಂದಳು ಅಮ್ಮ ಆ ಕಡೆಯಿಂದ.

"ಬೇಡ ಸರ್" ಅಂದೆ.

"ಖಂಡಿತ ಬರುತ್ತೀಯಾ?"

"ಬೇಡ ಸರ್..." ಅಂದೆ.

ಪ್ರೊಫೆಸರ್ ಬೆರಳು ಮಡಚಿ ನೋಡಿಕೊಂಡು, "ನೀನು ಬರಲೇಬೇಕು!" ಅಂದರು.

"ಅಯ್ಯೋ, ನೀವು ಅಷ್ಟೊಂದು ಹೇಳ್ತೀರಿ ಅಂದ್ಮೇಲೆ... ಎರಡು ತಿಂಗಳು ಸಾಕು ಸರ್" ಅಂದುಬಿಟ್ಟೆ. ಒಪ್ಪಂದದಲ್ಲಿ ಇದ್ದದ್ದೇ ಮೂರು! ನನ್ನ ನಾಲಿಗೆಗೆ ಬೆಂಕಿ ಬೀಳ.

ಮಾರನೇ ದಿನ ಮೇಲ್ ಬಂತು. ಅದರಲ್ಲಿ ನಾಲ್ಕು ತಿಂಗಳು ಅಂತಿತ್ತು. ಕೆಳಗೆ ಒಂದು ಸಾಲು: 'ನೀವು ಸಾಕು ಎಂದ ಮೇಲೂ ಒಂದು ಹೆಚ್ಚು ಹಾಕಬೇಕೆಂದು ನಮಗೆ ತಿಳಿದುಬಂದಿದೆ.'

ನಾನು ಓದಿ ಹೇಳಿದ್ದಕ್ಕೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಒಳ್ಳೆ ಮನೆತನದವ್ರು ಕಣೇ, ಬಡಿಸೋ ಕೈ ದೊಡ್ಡದು" ಅಂದಳು.

ನಾನು ಅಲ್ಲೇ ಕೂತು ಉತ್ತರ ಬರೆದೆ: 'ಅಯ್ಯೋ ಸರ್, ಇಷ್ಟೆಲ್ಲ ಯಾಕೆ? ಸಾಕು ಸಾಕು.' ಕಳಿಸಿ, ನಾಲ್ಕು ಹೋಗಿ ಐದು ತಿಂಗಳಾಗುತ್ತೇನೋ ಅಂತ ಫೋನು ಹಿಡಿದುಕೊಂಡು ಮಿಷನ್ನಿನ ಸುತ್ತ ತಿರುಗತೊಡಗಿದೆ. ಅಮ್ಮ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟು, ಅಲ್ಲಿದ್ದ ಪಾಸ್‌ಪೋರ್ಟು ತಂದು ನನ್ನ ಕೈಗಿಟ್ಟಳು. "ಅತಿ ಆಸೆ ಗತಿ ಕೇಡು. ತಟ್ಟೆಗೆ ಕೈ ಅಡ್ಡ ಇಟ್ಟು ಏಳು, ಕೈ ತೊಳ್ಕೊಂಡು ಹೊರಡು!"