ಪ್ರಾರ್ಥನಾ ಪಟ್ಟಿಗೆ ದೊಡ್ಡಮ್ಮನವರ ಮರುಸೇರ್ಪಡೆ

ಬ್ಯಾಪ್ಟಿಸ್ಟ್ ವಿದೇಶ ಮಿಷನ್ ಮಂಡಳಿ
ಭಾಷಣ, ಸ್ಲೈಡು ಮತ್ತು ಪ್ರಾರ್ಥನಾ ಪಟ್ಟಿ ವಿಭಾಗ

ಸುತ್ತೋಲೆ ಸಂಖ್ಯೆ: ವಿಮಿಮಂ/ಭಾಸ್ಲೈಪ್ರಾ/43/ಜೀವಂತ
ದಿನಾಂಕ: ಈ ತಿಂಗಳ 2, ಮಂಗಳವಾರ

ವಿಷಯ: ಬದುಕಿರುವವರನ್ನು ರಜಾ ಭಾಷಣಗಳಲ್ಲಿ ಸಾಯಿಸುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: 1) ಹೊರದೇಶದ ಸೇವಾಕೇಂದ್ರದ ಅಡುಗೆಯ ದೊಡ್ಡಮ್ಮನವರ ಪತ್ರ (ಬರೆದವರು ನರ್ಸಮ್ಮ).
2) ಹಲ್ಲಿನ ಡಾಕ್ಟರರ ಸಮಜಾಯಿಷಿ, ಒಂಬತ್ತು ಪುಟ.
3) ಸಂತಾಪ ಪತ್ರಗಳು, 112.

ಪ್ರಸ್ತಾವನೆ:

ಸೇವಾಕೇಂದ್ರದಲ್ಲಿ ಏಳು ವರ್ಷ ಹಲ್ಲು ಕಿತ್ತು ರಜೆಯ ಮೇಲೆ ಸ್ವದೇಶಕ್ಕೆ ಬಂದಿರುವ ಹಲ್ಲಿನ ಡಾಕ್ಟರರು, ವಾಡಿಕೆಯಂತೆ ಸಭೆಯಿಂದ ಸಭೆಗೆ, ಅಂದರೆ ಚರ್ಚಿನಿಂದ ಚರ್ಚಿಗೆ, ಹೋಗಿ ಸ್ಲೈಡು ತೋರಿಸಿ ಭಾಷಣ ಮಾಡಿರುತ್ತಾರೆ. ಮೊದಲ ಸಭೆಯಲ್ಲಿ ಇಪ್ಪತ್ತೆರಡನೆಯ ಸ್ಲೈಡಿಗೆ ಅಡುಗೆಯ ದೊಡ್ಡಮ್ಮನವರ ಚಿತ್ರ ಬಂದಿದ್ದು, ಅದರಲ್ಲಿ ಸದರಿಯವರು ಕಣ್ಣು ಮುಚ್ಚಿರುವುದು ಹಾಗೂ ಕೆನ್ನೆಯ ಮೇಲೆ ನೀರಿಳಿದಿರುವುದು ಕಂಡುಬಂದಿದೆ. ಚಿತ್ರ ತೆಗೆದಾಗ ಅವರು ಎಂಬತ್ತು ಜನರ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದರೆಂದು ನಂತರದ ವಿಚಾರಣೆಯಲ್ಲಿ ತಿಳಿದುಬಂದಿದೆ.

ಡಾಕ್ಟರರ ಸಮಜಾಯಿಷಿಯ ಪುಟ 2: "ಇವರು ಈಗ ನಮ್ಮ ಜೊತೆ ಇಲ್ಲ ಅಂದೆ. ಆಸ್ಪತ್ರೆ ಅಡುಗೆಮನೆ ಬಿಟ್ಟು ಹಾಸ್ಟೆಲ್ಲಿಗೆ ಹೋದ್ರು ಅಂತ ಹೇಳೋದಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತುಬಿಟ್ರು. ಅಷ್ಟು ಅಳೋರ ಮುಂದೆ ಹಾಸ್ಟೆಲ್ ವಿಷಯ ಹೇಗೆ ತೆಗೆಯೋದು?"

ಎರಡನೆಯ ಸಭೆಯವರು ಆ ಅಜ್ಜಿಯಿಂದ ಸುದ್ದಿ ಕೇಳಿ, ಹಲ್ಲಿನ ವಿಷಯ ಬೇಡ, ದೊಡ್ಡಮ್ಮನವರ ವಿಷಯವೇ ಹೇಳಿ ಎಂದು ಪಟ್ಟು ಹಿಡಿದ ಕಾರಣ, ಡಾಕ್ಟರರು ಹದಿನಾಲ್ಕು ತಿಂಗಳಲ್ಲಿ ನಲವತ್ತಮೂರು ಸಭೆಗಳಲ್ಲಿ ಸದರಿಯವರನ್ನು ಸಾಯಿಸಿರುತ್ತಾರೆ. ಮೊದಲ ಸಭೆಯಲ್ಲಿ ದೊಡ್ಡಮ್ಮನವರು ಏನೂ ಹೇಳದೆ ತೀರಿಕೊಂಡಿದ್ದು, ಒಂಬತ್ತನೆಯದರಲ್ಲಿ ಒಂದು ಬೈಬಲ್ ವಚನ ಹೇಳಿ, ಇಪ್ಪತ್ತಾರನೆಯದರಲ್ಲಿ ಕೀರ್ತನೆಯ ಮೂರು ಚರಣ ಹಾಡಿ, ಅಡುಗೆಯವರಿಗೆ ಮರುದಿನದ ಕೆಲಸ ಹಂಚಿ ಕೊಟ್ಟ ನಂತರವೇ ಕಣ್ಣು ಮುಚ್ಚಿದ್ದಾರೆ.

ಮೃತರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮ ಸಭೆಗಳಲ್ಲಿ ಇಲ್ಲದಿರುವುದರಿಂದ, ಪಟ್ಟಿ ಗುಮಾಸ್ತರು ಯಾವ ದಿನ ಯಾರಿಗಾಗಿ ಪ್ರಾರ್ಥಿಸಬೇಕೆಂದು ತಿಳಿಸುವ ಈ ವರ್ಷದ ಮುದ್ರಿತ ಪ್ರಾರ್ಥನಾ ಪಟ್ಟಿಯಿಂದ ಅವರನ್ನು ಕೈಬಿಟ್ಟಿದ್ದು ಕ್ರಮಬದ್ಧವಾಗಿಯೇ ಇದೆ. "ಮೃತರ ಕುಟುಂಬದ ಹಿರಿಯರಿಗೆ" ಎಂದು ವಿಳಾಸ ಬರೆದಿದ್ದ ಸಂತಾಪ ಪತ್ರಗಳನ್ನು, ಆ ಕುಟುಂಬಕ್ಕೆ ತಾವೇ ಹಿರಿಯರಾದ್ದರಿಂದ, ದೊಡ್ಡಮ್ಮನವರೇ ಸಹಿ ಮಾಡಿ ಪಡೆದಿರುತ್ತಾರೆ. ಅವರ ಪತ್ರದ ಸಂಬಂಧಿತ ಭಾಗ ಹೀಗಿದೆ:

"ನಾನು ಸತ್ತಿದೀನಿ ಅಂತ ನನಗೆ ಯಾರೂ ಹೇಳ್ಲಿಲ್ಲ. ಯಾರೋ ಪುಣ್ಯಾತ್ಮರು ನನ್ನ ಕಂಠ ಚೆನ್ನಾಗಿತ್ತು ಅಂತ ಬರ್ದಿದಾರೆ. ನಾನು ಹಾಡಿದ್ರೆ ಅಡುಗೆಮನೆ ಬೆಕ್ಕೂ ಎದ್ದು ಹೋಗುತ್ತೆ ಕಣಪ್ಪ. ಡಾಕ್ಟ್ರನ್ನ ಬಯ್ಬೇಡಿ, ಏಳು ವರ್ಷ ನನ್ನ ಕೈಯೂಟ ಉಂಡಿದಾನೆ, ಅವನು ನನ್ನ ಮಗನೇ. ಆದರೆ ಇಪ್ಪತ್ತಾರನೇ ತಾರೀಖಿಗೆ ನನ್ನ ಮೊಣಕಾಲು ಕುಯ್ತಾರೆ. ಹೆದರಿಕೆ ಆಗ್ತಿದೆ. ಅವತ್ತು ನಾನು ನಿಮ್ಮ ಪಟ್ಟೀಲಿ ಇರ್ಬೇಕು. ಅಷ್ಟು ಮಾಡಿ ಸಾಕು."

ಮುಂದಿನ ಪಟ್ಟಿ ಹೊಸ ವರ್ಷಕ್ಕೆ ಮುದ್ರಣವಾಗಲಿರುವುದರಿಂದಲೂ, ಮರಣದ ಕಾರಣ ತೆಗೆದ ಹೆಸರನ್ನು ಮರಳಿ ಸೇರಿಸಲು ನಿಯಮಾವಳಿಯಲ್ಲಿ ಅವಕಾಶವಿಲ್ಲದ್ದರಿಂದಲೂ ಮಂಡಳಿಯು ಎರಡು ದಿನ ಚರ್ಚಿಸಿತು. ಸತ್ತವರು ಮರಳಿದ ಪ್ರಕರಣಗಳು ಪವಿತ್ರ ಗ್ರಂಥದಲ್ಲಿ ಇಲ್ಲದಿಲ್ಲ. ಆದರೆ ಆಗ ಯಾವ ಫಾರಂ ಬಳಸಲಾಯಿತೆಂಬುದು ದಾಖಲಾಗಿಲ್ಲ. ಆದಕಾರಣ ಈ ಮೂಲಕ ಸೂಚಿಸುವುದೇನೆಂದರೆ:

1. ರಜಾ ಭಾಷಣದಲ್ಲಿ ಯಾರನ್ನೇ ಸಾಯಿಸುವ ಮುನ್ನ, ಸಂಬಂಧಪಟ್ಟವರಿಂದ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಒಪ್ಪಿಗೆ ಕೊಡಲು ಅವರು ಲಭ್ಯವಿದ್ದಲ್ಲಿ ಸಾಯಿಸತಕ್ಕದ್ದಲ್ಲ.

2. "ನಮ್ಮ ಜೊತೆ ಇಲ್ಲ" ಎಂಬ ಮಾತನ್ನು ನಿಷೇಧಿಸಲಾಗಿದೆ. ವರ್ಗಾವಣೆಯಾದವರಿಗೆ "ಹಾಸ್ಟೆಲ್‌ನಲ್ಲಿದ್ದಾರೆ" ಎಂದೇ ಹೇಳತಕ್ಕದ್ದು.

3. ಕಣ್ಣು ಮುಚ್ಚಿದವರ ಸ್ಲೈಡಿನ ಕೆಳಗೆ ನಿದ್ರೆ, ಪ್ರಾರ್ಥನೆ, ಈರುಳ್ಳಿ, ಮರಣ ಇವುಗಳಲ್ಲಿ ಅನ್ವಯಿಸುವುದನ್ನು ಬರೆಯತಕ್ಕದ್ದು. ನಿದ್ರೆ ಮತ್ತು ಪ್ರಾರ್ಥನೆ ಒಟ್ಟಿಗೇ ಇದ್ದಲ್ಲಿ, ಪ್ರಾರ್ಥನೆ ಎಂದು ಪರಿಗಣಿಸಲಾಗುವುದು.

4. ನಿಜವಾಗಿ ಮೃತರಾದವರ ಕೊನೆಯ ಮಾತು ಹನ್ನೊಂದು ಪದ ಮೀರತಕ್ಕದ್ದಲ್ಲ. ಹಾಡುವವರು ಒಂದು ಚರಣಕ್ಕೆ ನಿಲ್ಲಿಸತಕ್ಕದ್ದು. ಪಲ್ಲವಿಗೆ ವಿನಾಯಿತಿ ಇಲ್ಲ.

5. ಹದಿನೇಳನೆಯ ಸಭೆಯವರು ತಮ್ಮ ಹೊಸ ಅಡುಗೆಮನೆಗೆ ದೊಡ್ಡಮ್ಮನವರ ಸ್ಮರಣಾರ್ಥ ಹಾಕಿಸಿರುವ ಹಿತ್ತಾಳೆ ಫಲಕದ ಮೇಲೆ ಕ್ಯಾಲೆಂಡರ್ ತೂಗುಹಾಕತಕ್ಕದ್ದು. ಫಲಕವನ್ನು ಕಿತ್ತು ಹಾಕುವುದು ಬೇಡ. ಯಾರಿಗಾದರೂ ಒಂದಲ್ಲ ಒಂದು ದಿನ ಬೇಕಾಗುವ ವಸ್ತು.

6. ದೊಡ್ಡಮ್ಮನವರು ಬದುಕಿರುವುದಕ್ಕೆ ಪತ್ರವೇ ಪುರಾವೆ ಎಂದು ಕೆಲವು ಸದಸ್ಯರೂ, ಕೈಬರಹ ನರ್ಸಮ್ಮನದು ಎಂದು ಉಳಿದವರೂ ವಾದಿಸಿದ್ದು, ಕಾಗದದ ಮೂಲೆಯಲ್ಲಿರುವ ಎಣ್ಣೆಯ ಹೆಬ್ಬೆಟ್ಟಿನ ಗುರುತನ್ನು ಜೀವಂತ ಪ್ರಮಾಣಪತ್ರವೆಂದು ಬಹುಮತದಿಂದ ಅಂಗೀಕರಿಸಲಾಗಿದೆ.

7. ಹಲ್ಲಿನ ಡಾಕ್ಟರರು ನಾಳೆಯಿಂದ ದಿನಕ್ಕೆ ಎರಡು ಸಭೆಯಂತೆ, 24ರೊಳಗೆ ನಲವತ್ತಮೂರು ಸಭೆಗಳಿಗೂ ಹೋಗಿ, ಅದೇ ಸ್ಲೈಡು ತೋರಿಸಿ, ದೊಡ್ಡಮ್ಮನವರನ್ನು ಬದುಕಿಸತಕ್ಕದ್ದು. ಸಭಿಕರು ಬೇಸರಗೊಂಡಲ್ಲಿ ಮಂಡಳಿ ಹೊಣೆಯಲ್ಲ.

8. ಪ್ರಾರ್ಥನಾ ಪಟ್ಟಿಯ 26ನೇ ತಾರೀಖು, ಶುಕ್ರವಾರದ ಸಾಲಿಗೆ "ಅಡುಗೆಯ ದೊಡ್ಡಮ್ಮ, ಮೊಣಕಾಲು" ಎಂಬ ಚೀಟಿಯನ್ನು ಗೋಂದಿನಿಂದ ಅಂಟಿಸತಕ್ಕದ್ದು. ಬ್ಯಾಪ್ಟಿಸ್ಟ್ ಸಭೆಗಳು ಸ್ವತಂತ್ರವಾಗಿದ್ದು ಅವುಗಳಿಗೆ ಆಜ್ಞೆ ಮಾಡಲು ಮಂಡಳಿಗೆ ಅಧಿಕಾರವಿಲ್ಲ. ಆದ್ದರಿಂದ ಇದನ್ನು ಕಡ್ಡಾಯವಾಗಿ ವಿನಂತಿಸಲಾಗಿದೆ.

9. ಆ ದಿನದ ಪ್ರಾರ್ಥನೆಯನ್ನು ಮಂಡಳಿಯ ಸಭಾಂಗಣದಲ್ಲಿ ಹಲ್ಲಿನ ಡಾಕ್ಟರರೇ ನಡೆಸತಕ್ಕದ್ದು. ಹೀಗೆಂದು ತಿಳಿಸಿದಾಗ ಡಾಕ್ಟರರು ಕಣ್ಣು ಮುಚ್ಚಿಕೊಂಡರು. ಕೆನ್ನೆಯ ಮೇಲೆ ನೀರಿಳಿದದ್ದನ್ನು ಸದಸ್ಯರು ಕಂಡಿದ್ದು, ಈರುಳ್ಳಿ ಇರಲಿಲ್ಲವೆಂದು ನಡಾವಳಿಯಲ್ಲಿ ದಾಖಲಿಸಲಾಗಿದೆ.

ಮಂಡಳಿಯ ಅಪ್ಪಣೆಯ ಮೇರೆಗೆ,
(ಸಹಿ)
ಕಾರ್ಯದರ್ಶಿ

ಪ್ರತಿಗಳು:
1. ನಲವತ್ತಮೂರು ಸಭೆಗಳ ಪಾಸ್ಟರುಗಳಿಗೆ, ಚೀಟಿ ಮತ್ತು ಗೋಂದಿನೊಂದಿಗೆ.
2. ಮೊದಲ ಸಭೆಯ ಮುಂದಿನ ಸಾಲಿನ ಅಜ್ಜಿಗೆ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಓದಲು.
3. ಪಟ್ಟಿ ಗುಮಾಸ್ತರಿಗೆ, ಮುಂದೆ ಯಾರೇ ಸತ್ತರೂ ಒಂದು ವಾರ ಕಾದು ನೋಡಲು.
4. ಅಡುಗೆಯ ದೊಡ್ಡಮ್ಮನವರಿಗೆ, ರಿಜಿಸ್ಟರ್ ಅಂಚೆಯಲ್ಲಿ. ಕುಯ್ಯುವುದು ಎಡ ಮೊಣಕಾಲೋ ಬಲ ಮೊಣಕಾಲೋ ಎಂದು ಪತ್ರದಲ್ಲಿ ನಮೂದಾಗಿಲ್ಲ. ಮರುಟಪಾಲಿನಲ್ಲಿ ತಿಳಿಸಲು ಕೋರಿದೆ. ಉತ್ತರ ತಲುಪುವವರೆಗೆ ಎರಡಕ್ಕೂ ಪ್ರಾರ್ಥಿಸಲಾಗುವುದು.