ಗೋಧಿ ಬಿಟ್ಟ ಬೈಂಡರು

ನನ್ನ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂಬುದು ಮದುವೆಯಾದ ವಾರದೊಳಗೇ ಗೊತ್ತಾಗಿತ್ತು. ನನ್ನ ಹೊಟ್ಟೆಯೂ ನನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಾದದ್ದು ಮಾತ್ರ ಐವತ್ತೆರಡನೇ ವಯಸ್ಸಿನಲ್ಲಿ. ಉಂಡು ಎದ್ದ ಅರ್ಧ ಗಂಟೆಗೆ ಅದು ಉಬ್ಬಿಕೊಳ್ಳುತ್ತಿತ್ತು. ಸುಮ್ಮನೆ ಉಬ್ಬಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು, ಅದು ಮಾತಾಡುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಎದುರು ನಿಂತು, "ರಟ್ಟು ಕೆಂಪು ಬಣ್ಣದ್ದೇ ಇರಲಿ" ಎಂದರೆ, ನಾನು ಬಾಯಿ ತೆರೆಯುವ ಮೊದಲೇ ಹೊಟ್ಟೆ ಉತ್ತರ ಕೊಡುತ್ತಿತ್ತು. ಗಿರಾಕಿ ನನ್ನ ಮುಖ ನೋಡುವುದು, ನಾನು ಬಾಗಿಲ ಹೊರಗೆ ಹೋಗುವ ಲಾರಿಯ ಕಡೆ ನೋಡುವುದು. ಲಾರಿ ಇಲ್ಲದ ದಿನ ಬಹಳ ಕಷ್ಟ.

ನಾನು ಬುಕ್ ಬೈಂಡರು. ಮೂವತ್ತು ವರ್ಷದಿಂದ ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟಿ ಕೊಡುತ್ತಿದ್ದೇನೆ. ವಕೀಲರ ದಪ್ಪ ಪುಸ್ತಕಗಳು, ಶಾಲೆಯ ಹಾಜರಿ ರಿಜಿಸ್ಟರುಗಳು, ಯಾರದೋ ಅಜ್ಜಿಯ ಅಡುಗೆ ಪುಸ್ತಕ, ಎಲ್ಲವೂ ಬರುತ್ತವೆ. ಅಂಗಡಿ ಚಿಕ್ಕದು. ಒಂದು ಮೇಜು, ಪುಸ್ತಕ ಒತ್ತುವ ಒಂದು ಪ್ರೆಸ್ಸು, ಒಂದು ಸ್ಟೂಲು, ಮೂಲೆಯಲ್ಲಿ ಒಂದು ಸ್ಟವ್. ಚಿಕ್ಕದಾದರೇನು, ಈ ಭೂಮಂಡಲದಲ್ಲಿ ನಾನು ಹೇಳಿದ್ದೇ ನಡೆಯುವ ಜಾಗ ಅದೊಂದೇ. ಅದಕ್ಕಾಗಿಯೇ ಏಳಕ್ಕೆಲ್ಲ ಅಲ್ಲಿರುತ್ತೇನೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹೊಟ್ಟೆಯ ಭಾಷಣ ಕೇಳಿ ಕೇಳಿ ಸಾಕಾಗಿ ಅವಳೇ ನನ್ನನ್ನು ಹೊಟ್ಟೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. (ಅವರ ಬೋರ್ಡಿನಲ್ಲಿ ಬೇರೇನೋ ಉದ್ದನೆಯ ಹೆಸರಿದೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಅರ್ಧ ಕಾಯಿಲೆ ವಾಸಿಯಾಗಿರುತ್ತದೆ.) ಅವರು ರಕ್ತ ತೆಗೆದರು, ಬಾಯಿಯಿಂದ ಕ್ಯಾಮೆರಾ ಇಳಿಸಿದರು. ಕೊನೆಗೆ ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟರು.

"ಗೋಧಿ ನಿಮಗೆ ಆಗಿಬರಲ್ಲ. ಅದರಲ್ಲಿ ಗ್ಲುಟನ್ ಅಂತ ಒಂದು ಪದಾರ್ಥ ಇದೆ. ಇನ್ನು ಮೇಲೆ ಒಂದು ಚೂರೂ ಬಾಯಿಗೆ ಹೋಗಬಾರದು."

"ಎಷ್ಟು ದಿನ ಡಾಕ್ಟ್ರೇ?"

"ಜೀವನಪೂರ್ತಿ. ಹಾಲು, ಶೇಂಗಾ, ಟೊಮ್ಯಾಟೊ, ಇವುಗಳ ಮೇಲೂ ಅನುಮಾನ ಇದೆ. ಸದ್ಯಕ್ಕೆ ಎಲ್ಲ ನಿಲ್ಲಿಸಿ, ಆಮೇಲೆ ಒಂದೊಂದಾಗಿ ತಿಂದು ನೋಡೋಣ. ಅಂದಹಾಗೆ, ಏನು ಕೆಲಸ ನಿಮ್ಮದು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಪುಸ್ತಕ ಹೊಲೀತಾರೆ" ಎಂದಳು.

"ಓ, ಕೂತು ಮಾಡೋ ಕೆಲಸ. ದಿನಾ ಅರ್ಧ ಗಂಟೆ ನಡೀರಿ" ಎಂದು ಬರೆದುಕೊಟ್ಟರು.

ಮನೆಗೆ ಬಂದ ಹತ್ತೇ ನಿಮಿಷಕ್ಕೆ ಗೋಧಿಗೆ ಗಡಿಪಾರಿನ ಆಜ್ಞೆಯಾಯಿತು. ಬ್ರೆಡ್ಡು, ಬನ್ನು, ರಸ್ಕು, ಕೇಕು, ಎಲ್ಲವೂ ಚೀಲ ಸೇರಿ ಪಕ್ಕದ ಮನೆಗೆ ಹೋದವು. ಅಡುಗೆಮನೆಯ ಕಪಾಟನ್ನು ಬಿಸಿನೀರಿನಲ್ಲಿ ತೊಳೆದಳು. ಸಾಸಿನ ಬಾಟಲಿಯ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಗೋಧಿಯ ಹೆಸರಿದೆ ಎಂದು ಅದನ್ನೂ ಓಡಿಸಿದಳು. ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆಯವರ ಬಿಸ್ಕತ್ತಿನ ಡಬ್ಬಿಗೂ ಅದೇ ಗತಿ.

"ಅಳಿಯಂದಿರ ಹೊಟ್ಟೆ ಕೆಟ್ಟರೆ ಅದಕ್ಕೆ ನನ್ನ ಬಿಸ್ಕತ್ತು ಏನು ಮಾಡ್ತು?" ಎಂದು ಅತ್ತೆ ಕೇಳಿದರು.

"ಅಮ್ಮಾ, ಒಂದು ಮನೆ, ಒಂದು ಅಡುಗೆ. ಅವರು ತಿನ್ನದೇ ಇರೋದು ಯಾರೂ ತಿನ್ನೋ ಹಾಗಿಲ್ಲ. ಎರಡೆರಡು ಅಡುಗೆ ಮಾಡಕ್ಕೆ ನನಗೇನು ನಾಲ್ಕು ಕೈ ಇದೆಯಾ?"

ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಇಪ್ಪತ್ತೈದು ವರ್ಷದ ಹಳೇ ಸಂಶಯವೊಂದು ಖಚಿತವಾದಂತಿತ್ತು.

ಬೆಳಿಗ್ಗೆ ಬೇಯಿಸಿದ ತರಕಾರಿ, ಮಧ್ಯಾಹ್ನ ಅನ್ನ ಮತ್ತು ಬೇಯಿಸಿದ ತರಕಾರಿ, ಸಾಯಂಕಾಲ ತರಕಾರಿ ಬೇಯಿಸಿದ ನೀರು. ಒಂದು ಭಾನುವಾರ ಅವಳು ಎಲ್ಲಿಂದಲೋ ಕಲಿತು ಅಕ್ಕಿಹಿಟ್ಟಿನಲ್ಲಿ ಬ್ರೆಡ್ಡು ಮಾಡಿದಳು. ಹೊರಗಿನಿಂದ ನೋಡಿದರೆ ಗಟ್ಟಿ, ನನ್ನ ರಟ್ಟುಗಳ ಸಾಲಿನಲ್ಲಿ ಇಟ್ಟರೆ ನಾನೇ ಗುರುತು ಹಿಡಿಯುತ್ತಿರಲಿಲ್ಲ. ಚಾಕು ಇಟ್ಟರೆ ಪುಡಿಪುಡಿ. ಗ್ಲುಟನ್ ಎಂದರೇನು ಎಂದು ನನಗೆ ಅರ್ಥವಾದದ್ದು ಅವತ್ತೇ. ಅದು ಹಿಟ್ಟಿನ ಹೊಲಿಗೆ. ಹೊಲಿಗೆ ಬಿಚ್ಚಿದ ಪುಸ್ತಕದ ಹಾಳೆಗಳ ಹಾಗೆ ಆ ಬ್ರೆಡ್ಡನ್ನು ನಾವು ಮೂವರೂ ತಟ್ಟೆಯಿಂದ ಹೆಕ್ಕಿ ತಿಂದೆವು. ಅತ್ತೆಯವರು ಸ್ಪೂನು ಕೇಳಿದರು.

ಇಷ್ಟೆಲ್ಲ ಆಗಿ ಹೊಟ್ಟೆ ಇಳಿಯಬೇಕಲ್ಲ? ಇಳಿಯಲಿಲ್ಲ. ಮೊದಲ ವಾರ ಸ್ವಲ್ಪ ತಣ್ಣಗಿದ್ದದ್ದು ಎರಡನೇ ವಾರಕ್ಕೆ ಮತ್ತೆ ಶುರುವಾಯಿತು. ತಿಂಗಳು ಮುಗಿಯುವಷ್ಟರಲ್ಲಿ ಮೊದಲಿಗಿಂತ ಜೋರು. ಡಾಕ್ಟರು ಮತ್ತೆ ರಕ್ತ ತೆಗೆದು, "ಎಲ್ಲಿಂದಲೋ ಗೋಧಿ ಹೋಗ್ತಾ ಇದೆ" ಎಂದರು.

ನಾನು ಪತ್ತೇದಾರಿಕೆಗೆ ಇಳಿದೆ. ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರ ಕೂರಿಸುವಾಗ ಬಳಸುವ ಭೂತಗನ್ನಡಿಯನ್ನು ಮನೆಗೆ ತಂದು ಮೂಲೆಮೂಲೆ ಶೋಧಿಸಿದೆ. ಅತ್ತೆಯವರ ದಿಂಬಿನ ಕೆಳಗೆ ಬಿಸ್ಕತ್ತಿನ ಚೂರು ಸಿಕ್ಕಿತು.

"ಇದೇನು ಅತ್ತೇ?"

"ನಾನು ತಿಂದರೆ ನಿಮ್ಮ ಹೊಟ್ಟೆ ಯಾಕೆ ಉಬ್ಬುತ್ತೆ ಅಳಿಯಂದಿರೇ?" ಎಂದರು. ಅವರ ಮಗಳು ಆ ಚೂರನ್ನೂ ಕಿಟಕಿಯಿಂದ ಹೊರಗೆ ಹಾಕಿದಳು. ಅಂದಿನಿಂದ ಅತ್ತೆ ನನ್ನೊಡನೆ ಮಾತು ನಿಲ್ಲಿಸಿದರು. (ಪಥ್ಯದಿಂದ ನನಗೆ ಆದ ಲಾಭ ಅದೊಂದೇ.)

ಅತ್ತೆಯಲ್ಲ ಎಂದಮೇಲೆ ಉಳಿದವಳು ಹೆಂಡತಿ. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಊಟಕ್ಕೆ ಕೂತು, ಹೊಟ್ಟೆ ಸವರಿಕೊಂಡು, "ಅಡುಗೆಮನೆಯಲ್ಲಿ ಎಲ್ಲೋ ನಿರ್ಲಕ್ಷ್ಯ ಆಗ್ತಿದೆ" ಎಂದೆ.

ಅವಳು ಸೌಟು ಕೆಳಗಿಟ್ಟಳು. "ಏನಂದ್ರಿ?"

"ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ. ಕೈ ತಪ್ಪಿ..."

"ಕೈ ತಪ್ಪಿ? ಒಂದು ತಿಂಗಳಿಂದ ಅಂಗಡಿ ಅಂಗಡಿ ಅಲೆದು, ಒಂದೊಂದು ಪೊಟ್ಟಣ ತಿರುಗಿಸಿ ಓದಿ, ಕಣ್ಣು ಉರಿ ಬಂದಿದೆ ನನಗೆ. ನೀವು ಅಂಗಡೀಲಿ ಹನ್ನೆರಡು ಗಂಟೆ ಇರ್ತೀರಿ. ಅಲ್ಲಿ ಏನೇನು ಮೇಯ್ತೀರೋ ಯಾರು ಕಂಡರು?"

"ನೀನು ಕಟ್ಟಿಕೊಟ್ಟ ಡಬ್ಬಿ ಬಿಟ್ಟರೆ ಒಂದು ಅಗುಳು ಬಾಯಿಗೆ ಹಾಕಿಲ್ಲ. ಪ್ರಮಾಣ ಮಾಡ್ತೀನಿ."

ಅವಳ ಕಣ್ಣಲ್ಲಿ ನೀರು ಬಂತು. ಜಗಳದಲ್ಲಿ ಅವಳು ಅಳುವವಳಲ್ಲ. ಆದರೂ ನನಗೆ ಸೋಲಲು ಮನಸ್ಸು ಬರಲಿಲ್ಲ.

"ಸರಿ, ನೋಡೇ ಬಿಡೋಣ" ಎಂದಳು. "ಒಂದು ದಿನ ನೀವು ನನ್ನ ಅಡುಗೆಮನೇಲಿ ಕೂತು ನೋಡಿ. ಒಂದು ದಿನ ನಾನು ನಿಮ್ಮ ಅಂಗಡೀಲಿ ಕೂತು ನೋಡ್ತೀನಿ. ತಪ್ಪು ನನ್ನದಾದರೆ ಇನ್ನು ಮೇಲೆ ಅಡುಗೆಮನೇಲಿ ನೀವು ಹೇಳಿದ್ದೇ ನಡೆಯುತ್ತೆ. ತಪ್ಪು ನಿಮ್ಮದಾದರೆ?"

"ಅಂಗಡೀಲಿ ನೀನು ಹೇಳಿದ್ದೇ ನಡೆಯುತ್ತೆ" ಎಂದೆ ಎದೆಯುಬ್ಬಿಸಿ. ಎದೆಗಿಂತ ಹೊಟ್ಟೆಯೇ ಮುಂದಿದ್ದುದರಿಂದ ಅದು ಅಷ್ಟಾಗಿ ಕಾಣಲಿಲ್ಲ.

ಭಾನುವಾರ ನಾನು ಅಡುಗೆಮನೆಯಲ್ಲಿ ಕೂತೆ. ಅವಳು ಅಕ್ಕಿ ತೊಳೆದದ್ದು, ತರಕಾರಿ ಹೆಚ್ಚಿದ್ದು, ಪಾತ್ರೆ ಉಜ್ಜಿದ್ದು ಎಲ್ಲ ನೋಡಿದೆ. ಗೋಧಿಯ ಸುಳಿವಿಲ್ಲ. ನಡುವೆ ಎರಡು ಸಲ ಕಾಲಿಗೆ ಸಿಕ್ಕಿ ಬೈಸಿಕೊಂಡೆ, ಒಂದು ಸಲ ಈರುಳ್ಳಿ ಹೆಚ್ಚಿಕೊಟ್ಟೆ. ಸೋಮವಾರ ಅವಳು ಶಾಲೆಗೆ ರಜೆ ಹಾಕಿ ನನ್ನ ಜೊತೆ ಅಂಗಡಿಗೆ ಬಂದಳು. ಪರೀಕ್ಷೆಯ ಕೊಠಡಿಯಲ್ಲಿ ಕೂರುವ ಹಾಗೆ ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ನೋಟ್‌ಬುಕ್ಕು ತೆರೆದು, ಕೆಂಪು ಪೆನ್ನು ಹಿಡಿದಳು.

ನನಗೆ ಉತ್ಸಾಹವೋ ಉತ್ಸಾಹ. ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಅವಳು ಪೂರ್ತಿಯಾಗಿ ನೋಡಿದ್ದೇ ಇಲ್ಲ. ತೋರಿಸಿಯೇ ಬಿಡೋಣ ಎಂದು ಸ್ಟವ್ ಹಚ್ಚಿ ಅಂಟು ಕಾಯಿಸಲು ಶುರುಮಾಡಿದೆ.

"ಬೇರೆಯವರು ಪೇಟೆಯಿಂದ ಡಬ್ಬಿ ಅಂಟು ತರ್ತಾರೆ. ನಾನು ದಿನದ ಅಂಟು ದಿನವೇ ಕಾಯಿಸೋದು. ವಿಷ ಗಿಷ ಏನೂ ಹಾಕಲ್ಲ" ಎಂದು ವಿವರಿಸಿದೆ. "ಇದರ ಪಾಕ ಕಣ್ಣಿಗೆ ಕಾಣಲ್ಲ. ನಾಲಿಗೆಗೆ ಮಾತ್ರ ತಿಳಿಯುತ್ತೆ. ನಮ್ಮ ಮೇಷ್ಟ್ರು ಕಲಿಸಿದ ವಿದ್ಯೆ. ಹಸಿಯಾಗಿದ್ದರೆ ನಾಲಿಗೆ ಮೇಲೆ ಹಿಟ್ಟು ಹಿಟ್ಟು ಅನ್ನುತ್ತೆ. ಬೆಂದಿದ್ದರೆ ಸಣ್ಣಗೆ ಸಿಹಿ ಬರುತ್ತೆ. ನೋಡು, ಹೀಗೆ." ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಅವಳು ಪುಸ್ತಕದಲ್ಲಿ ಒಂದು ಗೆರೆ ಎಳೆದಳು.

ಅಂಟು ಕುದಿಯಿತು. ಮತ್ತೆ ನೋಡಿದೆ, ಮತ್ತೊಂದು ಗೆರೆ. ಇನ್ನೂ ಎರಡು ನಿಮಿಷ ಬೇಕೆನ್ನಿಸಿತು, ನೋಡಿದೆ. ಇಳಿಸಿ ಆರಿದ ಮೇಲೆ ಇನ್ನೊಮ್ಮೆ. ಆಮೇಲೆ ಹಾಳೆ ಅಂಟಿಸುತ್ತ ಕೂತೆ. ಅಂಟು ಮೆತ್ತಿದ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಮುಂದಿನ ಹಾಳೆ ತಿರುಗಿಸುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ನಾನು ಹಾಳೆ ತಿರುಗಿಸುತ್ತಾ ಹೋದೆ, ಅವಳು ಗೆರೆ ಎಳೆಯುತ್ತಾ ಹೋದಳು. ನನ್ನ ಶ್ರದ್ಧೆಗೆ ಅಂಕ ಕೊಡುತ್ತಿದ್ದಾಳೆ ಎಂದುಕೊಂಡೆ.

ಹನ್ನೊಂದು ಗಂಟೆಗೆ ಅವಳು ಪೆನ್ನಿನ ಮುಚ್ಚಳ ಹಾಕಿದಳು. "ರೀ, ಆ ಪಾತ್ರೇಲಿ ಇರೋದು ಏನು?"

"ಅಂಟು."

"ಯಾವುದರಿಂದ ಮಾಡಿದ್ದು?"

"ಮೈದಾಹಿಟ್ಟು. ಒಳ್ಳೇದೇ ತರ್ತೀನಿ, ಜರಡಿ ಹಿಡಿದು..."

"ಮೈದಾ ಯಾವುದರಿಂದ ಮಾಡ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ಹೊಟ್ಟೆ ಉತ್ತರ ಕೊಟ್ಟಿತು.

"ಅರವತ್ತಮೂರು ಸಲ" ಎಂದಳು, ನೋಟ್‌ಬುಕ್ಕು ನನ್ನ ಕಡೆ ತಿರುಗಿಸಿ. "ಬೆಳಿಗ್ಗೆಯಿಂದ ಅರವತ್ತಮೂರು."

"ಅದು ತಿನ್ನೋದಲ್ಲ ಕಣೇ, ಕೆಲಸ" ಎಂದೆ. "ದರ್ಜಿ ಸೂಜಿ ಪೋಣಿಸುವಾಗ ದಾರ ಬಾಯಿಗೆ ಹಾಕ್ಕೊಳ್ತಾನೆ. ಅದನ್ನ ಊಟ ಅಂತೀವಾ?"

"ದರ್ಜಿ ದಾರ ನುಂಗಲ್ಲ."

ನಿಮ್ಮೆದುರು ಮುಚ್ಚುಮರೆ ಏಕೆ? ಪಥ್ಯ ಶುರುವಾದ ಮೇಲೆ ಅಂಟಿನ ಪಾಕ ಯಾಕೋ ಒಂದು ಸಲಕ್ಕೆ ಗೊತ್ತಾಗುತ್ತಿರಲಿಲ್ಲ. ನಾಲ್ಕೈದು ಸಲ ನೋಡಬೇಕಾಗುತ್ತಿತ್ತು. ಈಚೆಗೆ ಅಂಟು ಬಹಳ ಚೆನ್ನಾಗಿ ಬರುತ್ತಿದೆ ಎಂದೂ ಅನ್ನಿಸಿತ್ತು. ಅದು ನನ್ನ ಕೈಗುಣ ಎಂದು ತಿಳಿದಿದ್ದೆ.

ಅಂಟಿನ ಕಥೆ ಕೇಳಿ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ನರ್ಸನ್ನು ಒಳಗೆ ಕರೆದು ಇನ್ನೊಮ್ಮೆ ಹೇಳಿಸಿದರು. ಮೂವತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಆಸಕ್ತಿ ತೋರಿಸಿರಲಿಲ್ಲ. ಕೊನೆಗೆ, "ಕೈಗೆ ತಾಗಿದರೆ ಚಿಂತೆಯಿಲ್ಲ, ಚೆನ್ನಾಗಿ ತೊಳ್ಕೊಳ್ಳಿ. ಬಾಯಿಗೆ ಹೋಗಬಾರದು. ಹಿಟ್ಟು ಹಾರುವಾಗ ಹತ್ತಿರ ಇರಬೇಡಿ. ಆ ಕೆಲಸ ಬೇರೆ ಯಾರಾದರೂ ಮಾಡಲಿ" ಎಂದರು.

"ನಾನು ಮಾಡ್ತೀನಿ" ಎಂದಳು ಹೆಂಡತಿ.

ನನಗೆ ಒಳಗೊಳಗೇ ನಗು. ಅಂಟಿನ ಪಾಕ ಕಲಿಯಲು ನನಗೆ ಮೂರು ವರ್ಷ ಹಿಡಿದಿತ್ತು. ಅವಳು ಮೂರು ದಿನದಲ್ಲಿ ಕಲಿತಳು. ನಾಲ್ಕನೇ ದಿನ ನಾನು ಆಯಿತು ಎಂದದ್ದಕ್ಕೆ ಅವಳು, "ಇನ್ನೂ ಎರಡು ನಿಮಿಷ" ಎಂದಳು. ಅವಳು ಹೇಳಿದ್ದೇ ಸರಿಯಾಗಿತ್ತು. ವಕೀಲರು ಬಂದು ಪುಸ್ತಕ ಬಿಡಿಸಿ ನೋಡಿ, "ಈ ಸಲದ ಬೈಂಡಿಂಗು ಬಹಳ ಚೆನ್ನಾಗಿದೆ, ಯಾರನ್ನಾದರೂ ಹೊಸಬರನ್ನ ಇಟ್ಕೊಂಡ್ರಾ?" ಎಂದು ಕೇಳಿದರು.

ಈಗ ದಿನಾ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವುದು ನಾನು, ಶಾಲೆಯ ಹೊತ್ತಾಗುವವರೆಗೆ ಸ್ಟೂಲಿನ ಮೇಲೆ ಕೂರುವುದು ಅವಳು. ಹಿಟ್ಟು ಕಲಸಿ ಮುಗಿಯುವವರೆಗೆ ನಾನು ಬೀದಿಯಲ್ಲಿ ನಿಂತಿರಬೇಕು. ಕರೆದ ಮೇಲೆ ಒಳಗೆ ಬರಬೇಕು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು. ಹೊಟ್ಟೆ ಇಳಿದಿದೆ, ಬೆಲ್ಟಿನಲ್ಲಿ ಎರಡು ತೂತು ಹಿಂದಕ್ಕೆ ಬಂದಿದ್ದೇನೆ. ಅದರ ಬಾಯಿಯೂ ಕಟ್ಟಿದೆ. ಅಂಗಡಿಯಲ್ಲಿ ಈಗ ನನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲ.

ಮೊನ್ನೆ ಅವಳು ಅಂಟು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಆಯ್ತಾ?" ಎಂದೆ ಬಟ್ಟೆಯೊಳಗಿಂದ.

"ಗೊತ್ತಾಗ್ತಿಲ್ಲ" ಎಂದು ಇನ್ನೊಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ನಾಲ್ಕನೇ ಸಲ ಬೆರಳು ಹೋಗಿ ಸ್ಪೂನು ಬಂತು. ನನಗೆ ಆಗ ಹೊಳೆಯಿತು. ನನ್ನ ಹೊಟ್ಟೆಯ ದೆಸೆಯಿಂದ ಆ ಮಹಾತಾಯಿಯೂ ಎರಡೂವರೆ ತಿಂಗಳಿಂದ ಮನೆಯಲ್ಲಿ ಗೋಧಿಯ ಮುಖ ಕಂಡಿಲ್ಲ. ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಬಾಯಲ್ಲಿ ನೀರೂ ಬಂತು. ಎರಡನ್ನೂ ನುಂಗಿಕೊಂಡೆ.

"ರೀ, ಒಂದು ನಾಲಿಗೆ ಸಾಲಲ್ಲ ಅನ್ಸುತ್ತೆ" ಎಂದಳು ಸ್ಪೂನು ತೊಳೆಯುತ್ತ. "ನಾಳೆಯಿಂದ ಅಮ್ಮನ್ನೂ ಕರ್ಕೊಂಡು ಬರ್ತೀನಿ."

ಅತ್ತೆ ನಿನ್ನೆ ಬಂದರು. ನನ್ನ ಮೇಜಿನ ಮೇಲಿದ್ದ ರಟ್ಟುಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡರು. ಮನೆಯಿಂದ ಬಟ್ಟಲು ತಂದಿದ್ದರು. ಎರಡು ಬಟ್ಟಲು ಪಾಕ ನೋಡಿದ ಮೇಲೆ, ಒಂದೂವರೆ ತಿಂಗಳಲ್ಲಿ ಮೊದಲ ಸಲ ನನ್ನನ್ನು ಮಾತಾಡಿಸಿದರು.

"ಅಳಿಯಂದಿರೇ, ಸ್ವಲ್ಪ ಸಕ್ಕರೆ ಇದ್ದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಪಕ್ಕದ ಅಂಗಡಿಗೆ ಹೋಗಿ ಸಕ್ಕರೆ ತಂದುಕೊಟ್ಟು, ಪಾತ್ರೆಯ ತಳದಲ್ಲಿ ಒಂದು ರಟ್ಟಿಗೂ ಸಾಲದಷ್ಟು ಅಂಟು ಉಳಿದದ್ದನ್ನು ಕಂಡು, ವಕೀಲರಿಗೆ ಫೋನ್ ಮಾಡಿ ಪುಸ್ತಕ ಇವತ್ತಿಗೆ ಆಗುವುದಿಲ್ಲ ಎಂದು ಹೇಳಿದೆ.